ಅಂಕ ಮತ್ತು ಅರಿವು: ಗಡಿನಾಡಿನ ವಿದ್ಯಾರ್ಥಿಯೂ ವಿಶ್ವವಿದ್ಯಾಲಯದ ಬಾಗಿಲೂ

ಬೀದರದಿಂದ ಔರಾದಿನ ಕಡೆಗೆ ಹೊರಟವರು ಮಾಂಜ್ರಾ ನದಿಯನ್ನು ದಾಟಿ, ತೊಗರಿ-ಉದ್ದುಗಳ ಹೊಲಗಳ ನಡುವೆ ಸಾಗಿ ಸಂತಪುರವನ್ನು ಸೇರುತ್ತಾರೆ. ಹಳೆಯ ದಾಖಲೆಗಳಲ್ಲಿ ಔರಾದ ತಾಲೂಕಿನ ಹೆಸರಿನೊಡನೆ ಈ ಊರಿನ ಹೆಸರೂ ಜೊತೆಯಾಗಿ ಕಾಣಬರುತ್ತದೆ. ಮಹಾರಾಷ್ಟ್ರದ ಗಡಿಯೂ ತೆಲಂಗಾಣದ ಗಡಿಯೂ ಇಲ್ಲಿಗೆ ದೂರವಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯ ಹಳೆಯ ಕಾಗದಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ, ಹೀಗೆ ಹಲವು ನುಡಿಗಳು ಒಂದೇ ಹಾದಿಯಲ್ಲಿ ನಡೆದಾಡುವ ನಾಡಿದು. ಪ್ರತಿ ವರ್ಷ ಏಪ್ರಿಲ್ ಮೇ ತಿಂಗಳುಗಳಲ್ಲಿ ಪರೀಕ್ಷೆಗಳ ಫಲಿತಾಂಶ ಹೊರಬಂದಾಗ ಇಲ್ಲಿಯ ಮನೆಮನೆಗಳಲ್ಲಿಯೂ ಉಳಿದ ಊರುಗಳಲ್ಲಿ ಕೇಳಿಬರುವ ಪ್ರಶ್ನೆಯೇ ಕೇಳಿಬರುತ್ತದೆ: “ಎಷ್ಟು ಬಿದ್ದವು?”

ವಾಚಕ ಬಂಧುಗಳೇ, ಈ ಪ್ರಶ್ನೆಯನ್ನು ನೀವೂ ಕೇಳಿರುವಿರಿ, ನಾನೂ ಕೇಳಿದ್ದೇನೆ. ಕೇಳುವಾಗ ನಮ್ಮ ಮನಸ್ಸಿನಲ್ಲಿ ಕೇಡೇನೂ ಇರುವುದಿಲ್ಲ. ಆದರೆ ಆ ಸಂಖ್ಯೆಯು ಮಗುವಿನ ಯೋಗ್ಯತೆಯನ್ನು ಪೂರ್ತಿಯಾಗಿ ತೂಗಿ ಹೇಳಿಬಿಟ್ಟಿದೆ ಎಂಬ ನಂಬಿಕೆ ನಮ್ಮೊಳಗೆ ಬೇರೂರಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ನಮ್ಮ ಜಿಲ್ಲೆಯ ಇತಿಹಾಸವನ್ನೇ ಮುಂದಿಟ್ಟುಕೊಂಡು ವಿಚಾರಿಸಿ ನೋಡುವುದು ಈ ಲೇಖನದ ಉದ್ದೇಶ. ವಿಶ್ವವಿದ್ಯಾಲಯದ ಬಾಗಿಲಲ್ಲಿ ಇಟ್ಟ ತಕ್ಕಡಿಯು ಈ ನಾಡಿನಲ್ಲಿ ಎಷ್ಟು ಸಲ ಬದಲಾಯಿತೆಂಬುದನ್ನು ಬಲ್ಲವರು, ಅದರ ತೂಕವನ್ನು ದೈವವಾಣಿಯೆಂದು ಭಾವಿಸಲಾರರು.

ಬೀದರವು ವಿದ್ಯೆಗೆ ಹೊಸ ಊರಲ್ಲ. ಬಹಮನಿ ಸುಲ್ತಾನರ ಮಂತ್ರಿಯಾಗಿದ್ದ ಮಹಮೂದ್ ಗವಾನನು 1472ರಲ್ಲಿ ಇಲ್ಲಿ ಕಟ್ಟಿಸಿದ ಮದರಸಾ ಇಂದಿಗೂ ನಿಂತಿದೆ. ಅಂತಹ ವಿದ್ಯಾಪೀಠಗಳಲ್ಲಿ ಶಿಷ್ಯನು ಒಂದು ಗ್ರಂಥವನ್ನು ಗುರುವಿನ ಮುಂದೆ ಓದಿ ಮುಗಿಸಿದರೆ, ಅದನ್ನು ಮುಂದಿನವರಿಗೆ ಕಲಿಸುವ ಅನುಮತಿಯನ್ನು ಗುರುವೇ ಬರೆದುಕೊಡುತ್ತಿದ್ದನು. ಅಲ್ಲಿಂದ ಒಂದು ದಿನದ ಪಯಣದಷ್ಟು ದೂರದ ಕಲ್ಯಾಣದಲ್ಲಿ, ಅದಕ್ಕೂ ಮೂರು ಶತಮಾನಗಳ ಹಿಂದೆ, ಬಸವಾದಿ ಶರಣರ ಅನುಭವ ಮಂಟಪದಲ್ಲಿ ಅಲ್ಲಮಪ್ರಭುದೇವರು ಶೂನ್ಯಪೀಠದ ಮೇಲೆ ಕುಳಿತು ಪ್ರಶ್ನೆ ಕೇಳಿದರು; ಮಡಿವಾಳನೂ ಅಂಬಿಗನೂ ಸೂಳೆಯಾಗಿದ್ದವಳೂ ಉತ್ತರ ಹೇಳಿದರು. ಅದೂ ಪರೀಕ್ಷೆಯೇ. ಆದರೆ ಅಲ್ಲಿ ಕೇಳಿದವನಿಗೆ ಉತ್ತರಿಸಿದವನ ಮುಖ ಕಾಣುತ್ತಿತ್ತು, ಬದುಕೂ ಕಾಣುತ್ತಿತ್ತು. ನಮ್ಮ ಅಜ್ಜಂದಿರು ಮರಳಿನ ಮೇಲೆ ಬೆರಳಾಡಿಸಿ ಓಂಕಾರ ಕಲಿತ ಐಗಳ ಶಾಲೆಗಳಲ್ಲಿಯೂ ಇದೇ ಪದ್ಧತಿ ಇದ್ದಿತು. ಹಿಂದಿನ ಪಾಠ ಒಪ್ಪಿಸದ ಹೊರತು ಮುಂದಿನ ಪಾಠವಿಲ್ಲ. ಒಪ್ಪಿಸಲು ಒಬ್ಬನಿಗೆ ಎರಡು ದಿನ ಬೇಕಾದರೆ ಇನ್ನೊಬ್ಬನಿಗೆ ಎಂಟು ದಿನ.

ಮುಖ ಕಾಣದ ಪರೀಕ್ಷೆ ನಮ್ಮ ದೇಶಕ್ಕೆ ಬಂದದ್ದು 1857ರ ಬಳಿಕ. ಆ ವರ್ಷ ಕಲ್ಕತ್ತಾ, ಮುಂಬಯಿ, ಮದರಾಸುಗಳಲ್ಲಿ ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಮೂರು ವಿಶ್ವವಿದ್ಯಾಲಯಗಳು ಸ್ಥಾಪನೆಯಾದವು. ಪಾಠ ಹೇಳುವುದು ಅವುಗಳ ಮುಖ್ಯ ಕೆಲಸವಾಗಿರಲಿಲ್ಲ. ಪರೀಕ್ಷೆ ನಡೆಸಿ ಪದವಿ ಕೊಡುವುದೇ ಮುಖ್ಯ ಕೆಲಸವಾಗಿತ್ತು. ಅವುಗಳ ಬಾಗಿಲಲ್ಲಿ ನಿಂತ ಪರೀಕ್ಷೆಗೆ ಮೆಟ್ರಿಕ್ಯುಲೇಷನ್ ಎಂದು ಹೆಸರಾಯಿತು. ಈ ಪದ್ಧತಿಯನ್ನು ಬರಿದೇ ಹಳಿಯುವುದು ನ್ಯಾಯವಲ್ಲ. ಉತ್ತರ ಪತ್ರಿಕೆ ತಿದ್ದುವವನಿಗೆ ವಿದ್ಯಾರ್ಥಿಯ ಜಾತಿ ತಿಳಿಯದು, ತಂದೆಯ ಹೊಲವೆಷ್ಟೆಂಬುದು ತಿಳಿಯದು. ಅವನ ಕಣ್ಣ ಮುಂದಿರುವುದು ಒಂದು ನೋಂದಣಿ ಸಂಖ್ಯೆ ಮಾತ್ರ. ಗೌಡರ ಮಗನಿಗೂ ಜೀತದಾಳಿನ ಮಗನಿಗೂ ಒಂದೇ ಪ್ರಶ್ನೆಪತ್ರಿಕೆ ಸಿಕ್ಕಿದ್ದು ಸಾಮಾನ್ಯ ಸಂಗತಿಯಲ್ಲ. ಇಂದು ಈ ಪತ್ರಿಕೆಯನ್ನು ಓದುತ್ತಿರುವ ನಮ್ಮ ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಈ ಬಾಗಿಲಿನ ಮೂಲಕವೇ ಮೇಲೆ ಬಂದವರು. ಆದರೆ ಪ್ರಶ್ನೆಪತ್ರಿಕೆ ಒಂದೇ ಆದಾಗಲೂ ಅದು ಯಾವ ಭಾಷೆಯಲ್ಲಿದೆ, ಅದಕ್ಕೆ ಸಿದ್ಧಗೊಳಿಸುವ ಶಾಲೆ ಎಷ್ಟು ಹರದಾರಿ ದೂರವಿದೆ ಎಂಬ ಪ್ರಶ್ನೆಗಳು ಉಳಿದೇ ಇದ್ದವು. ಗಡಿನಾಡಿನ ವಿದ್ಯಾರ್ಥಿಯ ಕಥೆ ಆರಂಭವಾಗುವುದು ಇಲ್ಲಿಂದಲೇ.

ಬೀದರ ಜಿಲ್ಲೆಯು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು. ರಾಜಧಾನಿಯ ನಿಜಾಮ್ ಕಾಲೇಜು 1887ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿ, ಇಂಗ್ಲಿಷಿನಲ್ಲಿ ಕಲಿತವರಿಗೆ ದಾರಿಯಾಗಿತ್ತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪನೆಯಾಗಿ ಮರುವರ್ಷ ತರಗತಿಗಳು ತೊಡಗಿದವು. ಇಂಗ್ಲಿಷೇ ಮೆರೆಯುತ್ತಿದ್ದ ಕಾಲದಲ್ಲಿ ಭಾರತೀಯ ಭಾಷೆಯೊಂದನ್ನು ಉನ್ನತ ಶಿಕ್ಷಣದ ಮಾಧ್ಯಮವಾಗಿ ಮಾಡಿದ್ದು, ಅದಕ್ಕಾಗಿ ಭಾಷಾಂತರ ಶಾಖೆಯನ್ನೇ ತೆರೆದು ವಿಜ್ಞಾನ-ಶಾಸ್ತ್ರಗ್ರಂಥಗಳನ್ನು ಉರ್ದುವಿಗೆ ತಂದದ್ದು ದೊಡ್ಡ ಸಾಹಸವೆಂದು ಒಪ್ಪಲೇಬೇಕು. ಆದರೆ ಆ ಭಾಷೆ ಸಂಸ್ಥಾನದ ಬಹುಜನರ ಮನೆಮಾತಾಗಿರಲಿಲ್ಲ. ತೆಲುಗು, ಮರಾಠಿ, ಕನ್ನಡಗಳನ್ನಾಡುವ ಮಕ್ಕಳು ತಮ್ಮದಲ್ಲದ ಭಾಷೆಯಲ್ಲಿ ಗಣಿತವನ್ನೂ ಚರಿತ್ರೆಯನ್ನೂ ಬರೆದು ತೋರಿಸಬೇಕಾಯಿತು. ಸಂತಪುರದ ರೈತನ ಮಗನು ಲೆಕ್ಕದಲ್ಲಿ ಎಷ್ಟೇ ಚುರುಕಾಗಿರಲಿ, ಉರ್ದು ಲಿಪಿ ಕೈಗೂಡುವವರೆಗೆ ಅವನ ಚುರುಕು ಪರೀಕ್ಷಕನ ಕಣ್ಣಿಗೆ ಬೀಳುವಂತಿರಲಿಲ್ಲ. ಆ ಹುಡುಗನಿಗೆ ಬಂದ ಕಡಿಮೆ ಅಂಕ ಅವನ ಬುದ್ಧಿಯ ಅಳತೆಯೇ, ಭಾಷೆಯ ಗೋಡೆಯ ಎತ್ತರದ ಅಳತೆಯೇ? ನೀವೇ ವಿಚಾರ ಮಾಡಿರಿ.

ಇಂತಹ ಕಾಲದಲ್ಲಿ ಭಾಲ್ಕಿ ಹಿರೇಮಠ ಸಂಸ್ಥಾನದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ಮಾಡಿದ ಕೆಲಸವನ್ನು ನಾವೆಲ್ಲರೂ ಹಿರಿಯರ ಬಾಯಿಂದ ಕೇಳುತ್ತ ಬೆಳೆದಿದ್ದೇವೆ. ಖಾಸಗಿಯಾಗಿ ಶಾಲೆ ತೆರೆಯಲು ಸರಕಾರದ ಅಪ್ಪಣೆ ಬೇಕು. ಕನ್ನಡದ ಹೆಸರೆತ್ತಿದರೆ ಆ ಅಪ್ಪಣೆ ದುರ್ಲಭ. ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದ ಅವರ ಧೈರ್ಯ ಈ ಭಾಗದಲ್ಲಿ ಮನೆಮಾತಾಗಿದೆ. ಆಗ ಔರಾದ ತಾಲೂಕಿನಲ್ಲಿದ್ದು ಈಗ ತಾನೇ ತಾಲೂಕು ಕೇಂದ್ರವಾಗಿರುವ ಕಮಲನಗರದಲ್ಲಿಯೂ ಭಾಲ್ಕಿಯಲ್ಲಿಯೂ ಅವರು ಜೋಳಿಗೆ ಹಿಡಿದು ವಿದ್ಯೆಯ ನೆಲೆಗಳನ್ನು ಕಟ್ಟಿದರು. ದೂರದ ಹಳ್ಳಿಯ ಮಕ್ಕಳಿಗೆ ಮಠದಲ್ಲಿಯೇ ಅನ್ನವಿತ್ತು, ಮಲಗಲು ಜಾಗವಿತ್ತು. ಶತಾಯುಷಿಗಳಾಗಿ ಬಾಳಿದ ಆ ಪೂಜ್ಯರು ಲಿಂಗೈಕ್ಯರಾದುದು 1999ರಲ್ಲಿ.

ಈ ಕೆಲಸದ ಒಳಗಿನ ಅರ್ಥವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಆ ಶಾಲೆಯಲ್ಲಿ ಕನ್ನಡ ಕಲಿತ ಹುಡುಗನಿಗೆ ಆ ಕನ್ನಡಕ್ಕಾಗಿ ಸರಕಾರವು ಒಂದು ಅಂಕವನ್ನೂ ಕೊಡುತ್ತಿರಲಿಲ್ಲ. ಉಸ್ಮಾನಿಯಾದ ಬಾಗಿಲು ಅದರಿಂದ ತೆರೆಯುತ್ತಿರಲಿಲ್ಲ. ಕಚೇರಿಯ ನೌಕರಿಯೂ ಸಿಗುತ್ತಿರಲಿಲ್ಲ. ಆದರೂ ಮಠವು ಅದನ್ನು ಕಲಿಸಿತು. ಅಂಕಕ್ಕೆ ಬಾರದ ವಿದ್ಯೆಯೂ ವಿದ್ಯೆಯೇ ಎಂಬ ದೃಢವಿಶ್ವಾಸ ಅದರ ಹಿಂದೆ ಇದ್ದಿತು. ಮುಂದೆ ಇದೇ ಭಾಗವು ಕನ್ನಡ ನಾಡಿಗೆ ಸೇರಬೇಕೆಂಬ ವಾದಕ್ಕೆ ಬಲ ಬಂದದ್ದು ಇಂತಹ ಅಂಕವಿಲ್ಲದ ವಿದ್ಯೆಯಿಂದಲೂ ಹೌದು.

1948ರ ಸೆಪ್ಟೆಂಬರ್ ತಿಂಗಳಿನ ಪೊಲೀಸ್ ಕಾರ್ಯಾಚರಣೆಯಿಂದ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ಅದರ ಬಳಿಕ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷು ಬಂದಿತು. ಮೆಟ್ರಿಕ್ಕಿನವರೆಗೆ ಕಷ್ಟಪಟ್ಟು ಉರ್ದುವನ್ನು ವಶಮಾಡಿಕೊಂಡಿದ್ದ ಒಂದು ತಲೆಮಾರು ಕಾಲೇಜಿನ ಮೆಟ್ಟಿಲು ಹತ್ತುವಾಗ ಇನ್ನೊಂದು ಭಾಷೆಯನ್ನು ಎದುರುಗೊಂಡಿತು. ನಿನ್ನೆಯವರೆಗೆ ತರಗತಿಯಲ್ಲಿ ಮುಂದಿದ್ದವನು ಇಂದು ಹಿಂದಾದನು. ಅವನ ಬುದ್ಧಿ ಒಂದು ರಾತ್ರಿಯಲ್ಲಿ ಕರಗಲಿಲ್ಲ. ತಕ್ಕಡಿ ಬದಲಾಗಿತ್ತು, ಅಷ್ಟೆ.

1956ರ ನವೆಂಬರ್ 1ರಂದು ತಕ್ಕಡಿ ಮತ್ತೊಮ್ಮೆ ಬದಲಾಯಿತು. ಬೀದರ ಜಿಲ್ಲೆಯು ಒಡೆದು ಉದಗೀರ, ಅಹಮದಪುರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೆ ಹೋದವು. ಭಾಲ್ಕಿ, ಔರಾದ, ಹುಮನಾಬಾದುಗಳನ್ನೊಳಗೊಂಡ ಬೀದರವು ವಿಶಾಲ ಮೈಸೂರಿಗೆ ಬಂದಿತು. ಹೈದರಾಬಾದಿನ ಕಡೆ ಮುಖ ಮಾಡಿದ್ದ ವಿದ್ಯಾರ್ಥಿಯು ಈಗ ಧಾರವಾಡದ ಕಡೆ ತಿರುಗಿದನು. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಕಲಬುರ್ಗಿ, ಬೀದರ, ರಾಯಚೂರು ಜಿಲ್ಲೆಗಳ ಕಾಲೇಜುಗಳು ಸೇರಿದವು. ಬೀದರಕ್ಕೆ ಧಾರವಾಡವು ಹೈದರಾಬಾದಿಗಿಂತ ಎಷ್ಟೋ ಪಟ್ಟು ದೂರ. ಅಲ್ಲಿಗೆ ಹೋದ ಬಡ ವಿದ್ಯಾರ್ಥಿಗಳಿಗೆ ಮಠಗಳ ಪ್ರಸಾದ ನಿಲಯಗಳೇ ತಾಯ್ಮನೆಗಳಾದವು. 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯು ಬಂದು ಎಸ್.ಎಸ್.ಎಲ್.ಸಿ. ಪರೀಕ್ಷೆಯು ಅದರ ಕೈಸೇರಿತು. 1971ರಿಂದ ಎರಡು ವರ್ಷಗಳ ಪದವಿಪೂರ್ವ ಶಿಕ್ಷಣ ರೂಢಿಗೆ ಬಂದಿತು. ಕಲಬುರ್ಗಿಯಲ್ಲಿ 1970ರಲ್ಲಿ ತೊಡಗಿದ ಸ್ನಾತಕೋತ್ತರ ಕೇಂದ್ರವು 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯವಾಯಿತು. ಬೀದರಕ್ಕೇ ಒಂದು ಸಾಮಾನ್ಯ ವಿಶ್ವವಿದ್ಯಾಲಯ ಬರಲು 2023ರವರೆಗೆ ಕಾಯಬೇಕಾಯಿತು.

ಬಂಧುಗಳೇ, ಸಂತಪುರದ ಒಂದೇ ಮನೆಯನ್ನು ಕಲ್ಪಿಸಿಕೊಳ್ಳಿರಿ. ಅಜ್ಜನನ್ನು ಉರ್ದುವಿನಲ್ಲಿ ಅಳೆದರು. ಅವನ ತಮ್ಮನನ್ನು ಇಂಗ್ಲಿಷಿನಲ್ಲಿ ಅಳೆದರು. ಮಗನನ್ನು ಕನ್ನಡದಲ್ಲಿ ಅಳೆದು, ಕಾಲೇಜಿಗೆ ಬಂದೊಡನೆ ಮತ್ತೆ ಇಂಗ್ಲಿಷಿನಲ್ಲಿ ಅಳೆದರು. ಇಂದಿನ ಮೊಮ್ಮಗಳ ಸ್ಥಿತಿಯೂ ಬೇರೆಯಲ್ಲ. ಎಸ್.ಎಸ್.ಎಲ್.ಸಿ.ಯವರೆಗೆ ಕನ್ನಡದಲ್ಲಿ ಓದಿ, ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದ ಹಳ್ಳಿಯ ಹುಡುಗಿ ಮೊದಲ ದಿನವೇ ಇಂಗ್ಲಿಷಿನಲ್ಲಿ ಭೌತಶಾಸ್ತ್ರವನ್ನು ಕೇಳುತ್ತಾಳೆ. 1948ರಲ್ಲಿ ಒಂದು ತಲೆಮಾರಿನ ಮೇಲೆ ಒಮ್ಮೆಗೆ ಎರಗಿದ ಕಷ್ಟ, ಈಗ ಪ್ರತಿ ವರ್ಷವೂ ಶಾಲಾಕಾಲೇಜು ತೆರೆಯುವ ಹೊತ್ತಿಗೆ ಸದ್ದಿಲ್ಲದೆ ಎರಗುತ್ತಿದೆ. ಆ ಹುಡುಗಿಗೆ ಮೊದಲ ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೆ “ಇವಳಿಗೆ ವಿಜ್ಞಾನ ಹತ್ತುವುದಿಲ್ಲ” ಎನ್ನುವ ನಾವು, ಅಜ್ಜನ ವಿಷಯದಲ್ಲಿ ನಿಜಾಮ ಸರಕಾರವು ಮಾಡಿದ ತಪ್ಪನ್ನೇ ಮಾಡುತ್ತಿದ್ದೇವೆ.

ಅಂಕಗಳ ಈ ದೌರ್ಬಲ್ಯ ವಿದ್ವಾಂಸರಿಗೆ ತಿಳಿಯದ ಸಂಗತಿಯಲ್ಲ. ಸ್ವಾತಂತ್ರ್ಯ ಬಂದೊಡನೆ ಡಾ. ಸರ್ವಪಲ್ಲಿ ರಾಧಾಕೃಷ್ಣನ್ನರ ಅಧ್ಯಕ್ಷತೆಯಲ್ಲಿ ಕೂಡಿದ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು 1949ರಲ್ಲಿ, ಉನ್ನತ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆ ಮಾಡಬೇಕಾದರೆ ಅದು ಪರೀಕ್ಷೆಯ ಸುಧಾರಣೆಯಾಗಬೇಕೆಂಬ ಅಭಿಪ್ರಾಯವನ್ನು ಮುಂದಿಟ್ಟಿತು. 1953ರಲ್ಲಿ ಡಾ. ಲಕ್ಷ್ಮಣಸ್ವಾಮಿ ಮುದಲಿಯಾರರ ಮಾಧ್ಯಮಿಕ ಶಿಕ್ಷಣ ಆಯೋಗವು, ನೂರಕ್ಕೆ ಇಷ್ಟೆಂದು ಬಿಡಿಬಿಡಿಯಾಗಿ ಅಂಕ ಕೊಡುವ ಬದಲು ಕೆಲವೇ ಶ್ರೇಣಿಗಳಲ್ಲಿ ವಿದ್ಯಾರ್ಥಿಗಳನ್ನು ಗುರುತಿಸಬೇಕೆಂದೂ, ವರ್ಷವಿಡೀ ಶಾಲೆಯಲ್ಲಿ ಮಾಡಿದ ಕೆಲಸಕ್ಕೆ ಬೆಲೆ ಕೊಡಬೇಕೆಂದೂ ಸೂಚಿಸಿತು. ಇದರ ತರ್ಕ ಸರಳವಾದುದು. ಒಂದೇ ಪ್ರಬಂಧವನ್ನು ಇಬ್ಬರು ಪರೀಕ್ಷಕರು ತಿದ್ದಿದರೆ ಒಬ್ಬನು 62, ಇನ್ನೊಬ್ಬನು 57 ಕೊಡಬಹುದು. ಹೀಗಿರುವಾಗ 61 ಪಡೆದವನು 59 ಪಡೆದವನಿಗಿಂತ ಬಲ್ಲಿದನೆಂದು ಹೇಳುವುದಾದರೂ ಹೇಗೆ? 1986ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅಂಕದ ಬದಲು ಶ್ರೇಣಿಯೆಂದಿತು. ಇಂದು ನಮ್ಮ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಶ್ರೇಣಿಯನ್ನೂ ಬರೆಯುತ್ತಾರೆ. ಆದರೆ ಅದನ್ನು ಓದುವವರು ಯಾರು? 625ಕ್ಕೆ ಎಷ್ಟೆಂಬುದನ್ನೇ ಎಲ್ಲರೂ ಮೊದಲು ನೋಡುತ್ತಾರೆ.

ಶ್ರೇಣಿಯು ಬೇರೂರದಿರಲು ಕಾರಣವಿದೆ. ಸ್ಥಾನಗಳು ಕಡಿಮೆ, ಬೇಡುವವರು ಹೆಚ್ಚು. ವೃತ್ತಿಶಿಕ್ಷಣದ ಕಾಲೇಜುಗಳಲ್ಲಿ ಹಣಕ್ಕೆ ಸ್ಥಾನ ಮಾರುವ ಪಿಡುಗನ್ನು ತಡೆಯಲು ಕರ್ನಾಟಕವು 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಶಾಸನವನ್ನು ತಂದಿತು. 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷಾ ಘಟಕವು ಸ್ಥಾಪನೆಯಾಗಿ ‘ಸಿ.ಇ.ಟಿ.’ ಎಂಬ ಮೂರಕ್ಷರ ಮನೆಮನೆಯ ಮಾತಾಯಿತು. ಇದರಿಂದ ಹಳ್ಳಿಯ ಬಡಮಕ್ಕಳಿಗೆ ಒಳ್ಳೆಯ ಕಾಲೇಜುಗಳ ಬಾಗಿಲು ನಿಜವಾಗಿಯೂ ತೆರೆಯಿತೆಂಬುದನ್ನು ಕೃತಜ್ಞತೆಯಿಂದ ಹೇಳಬೇಕು. ಎಂಜಿನಿಯರಿಂಗ್ ಪ್ರವೇಶಕ್ಕೆ ಪಿ.ಯು.ಸಿ. ಅಂಕಗಳಿಂದ ಅರ್ಧ, ಸಿ.ಇ.ಟಿ. ಅಂಕಗಳಿಂದ ಅರ್ಧ ಸೇರಿಸಿ ರ್‍ಯಾಂಕು ಕೊಡುವ ಪದ್ಧತಿ ಬಂದಿತು. ವೈದ್ಯಕೀಯಕ್ಕೆ 2017ರಿಂದ ಇಡೀ ದೇಶಕ್ಕೆ ಒಂದೇ ಆದ ‘ನೀಟ್’ ಪರೀಕ್ಷೆ ನಿಂತಿದೆ. ಆದರೆ ರ್‍ಯಾಂಕಿಗೆ ಶ್ರೇಣಿ ಸಾಲದು. ಒಂದೊಂದು ಅಂಕವನ್ನೂ ಎಣಿಸಲೇಬೇಕು. ಹೀಗೆ ನ್ಯಾಯಕ್ಕಾಗಿ ಬಂದ ತಕ್ಕಡಿಯೇ ಮಕ್ಕಳ ಎದೆಯ ಮೇಲಿನ ಕಲ್ಲಾಯಿತು.

ಆ ತಕ್ಕಡಿಯೂ ಸ್ಥಿರವಲ್ಲವೆಂಬುದನ್ನು ಕೊರೊನಾ ಕಾಲವು ತೋರಿಸಿಕೊಟ್ಟಿತು. 2021ರಲ್ಲಿ ದ್ವಿತೀಯ ಪಿ.ಯು.ಸಿ. ಪರೀಕ್ಷೆಯನ್ನು ನಡೆಸಲಾಗಲಿಲ್ಲ. ಎಸ್.ಎಸ್.ಎಲ್.ಸಿ. ಮತ್ತು ಪ್ರಥಮ ಪಿ.ಯು.ಸಿ.ಗಳ ಅಂಕಗಳಿಗೆ ಆಂತರಿಕ ಮೌಲ್ಯಮಾಪನವನ್ನು ಕೂಡಿಸಿ ಫಲಿತಾಂಶ ಕೊಟ್ಟರು. 600ಕ್ಕೆ 600 ಅಂಕ ಪಡೆದವರೇ ಎರಡು ಸಾವಿರಕ್ಕೂ ಹೆಚ್ಚು ಮಂದಿ. ಮರುವರ್ಷ ಇದೇ ತಂಡದ ಸಾವಿರಾರು ವಿದ್ಯಾರ್ಥಿಗಳು ಮತ್ತೆ ಸಿ.ಇ.ಟಿ. ಬರೆದಾಗ, ಪರೀಕ್ಷೆ ಬರೆಯದೆ ಬಂದ ಅಂಕವೆಂದು ಅವರ ಪಿ.ಯು.ಸಿ. ಅಂಕಗಳನ್ನು ಪರಿಗಣಿಸಲಿಲ್ಲ. ವಿದ್ಯಾರ್ಥಿಗಳು ಉಚ್ಚ ನ್ಯಾಯಾಲಯಕ್ಕೆ ಹೋದರು. 2022ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ಅವರ ಅಳಲನ್ನು ಮನ್ನಿಸಿತು. ಕೊನೆಗೆ ಅವರ ಅಂಕಗಳನ್ನು ಸ್ವಲ್ಪ ಇಳಿಸಿ ಲೆಕ್ಕಕ್ಕೆ ಹಿಡಿಯುವ ಸೂತ್ರವೊಂದನ್ನು ಒಪ್ಪಿಕೊಳ್ಳಲಾಯಿತು. ಇನ್ನೊಂದು ನಿದರ್ಶನವನ್ನು ನೋಡಿರಿ. ಬಹುಕಾಲ ನೂರಕ್ಕೆ 35 ಎಂಬುದು ಉತ್ತೀರ್ಣತೆಯ ಗೆರೆಯಾಗಿತ್ತು. 2025ರ ಅಕ್ಟೋಬರಿನಲ್ಲಿ ಸರಕಾರವು ಅದನ್ನು 33ಕ್ಕೆ ಇಳಿಸುವುದಾಗಿ ಪ್ರಕಟಿಸಿತು, ಎಸ್.ಎಸ್.ಎಲ್.ಸಿ.ಗೆ 625ರಲ್ಲಿ 206 ಬಂದರೆ ಸಾಕಾಯಿತು. ಹಿಂದಿನ ವರ್ಷ 34ಕ್ಕೆ ನಿಂತು ಅನುತ್ತೀರ್ಣನೆನಿಸಿಕೊಂಡ ಹುಡುಗನನ್ನು ನಾವು ದಡ್ಡನೆಂದು ಕರೆದಿದ್ದರೆ, ಈಗ ಅವನಿಗೆ ಏನೆಂದು ಉತ್ತರ ಹೇಳುವುದು?

ಬಾಗಿಲ ದೋಷವನ್ನು ಸರಕಾರವೇ ಒಪ್ಪಿಕೊಂಡ ಸಂದರ್ಭವೂ ಉಂಟು. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳನ್ನು ಹೆಸರಿಸಿತು. ಅವುಗಳಲ್ಲಿ 21 ಗುಲ್ಬರ್ಗಾ ವಿಭಾಗದವು, ಔರಾದವೂ ಅವುಗಳಲ್ಲೊಂದು. ಈ ಭಾಗದ ಬಹುಕಾಲದ ಹೋರಾಟದ ಫಲವಾಗಿ ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿಯು ಬಂದು, 2013ರಲ್ಲಿ ಅದರ ಆದೇಶಗಳು ಹೊರಟವು. ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70ರಷ್ಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8ರಷ್ಟು ಸ್ಥಾನಗಳು ಇಲ್ಲಿಯ ಮಕ್ಕಳಿಗೆ ಮೀಸಲಾದವು. ಇದನ್ನು ದಾನವೆಂದು ತಿಳಿಯುವವರಿದ್ದಾರೆ. ದಾನವಲ್ಲ, ಇದು ಹಳೆಯ ತಕ್ಕಡಿಯ ತಪ್ಪನ್ನು ತಿದ್ದುವ ಪಡಿಗಲ್ಲು.

ಇಷ್ಟು ಇತಿಹಾಸವನ್ನು ಹೇಳಿದ್ದು ಬರಿಯ ಕುತೂಹಲಕ್ಕಲ್ಲ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ಹದಿಮೂರು ಸಾವಿರಕ್ಕೂ ಮಿಕ್ಕ ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗವು ಲೆಕ್ಕ ಕೊಟ್ಟಿದೆ. ಎಲ್ಲಕ್ಕೂ ಪರೀಕ್ಷೆಯೇ ಕಾರಣವಲ್ಲ. ಆದರೆ ಅನುತ್ತೀರ್ಣತೆಯ ಅಂಜಿಕೆಯಿಂದ ಹೋದವರೇ ಸಾವಿರಗಳ ಲೆಕ್ಕದಲ್ಲಿದ್ದಾರೆ. ಇಂದು ಬೀದರ ನಗರವು ವೈದ್ಯಕೀಯ ಪ್ರವೇಶದ ತರಬೇತಿಗೆ ಹೆಸರಾಗಿ, ದೂರದೂರದ ಮಕ್ಕಳು ಇಲ್ಲಿಗೆ ಬಂದು ಓದುತ್ತಿದ್ದಾರೆ. ಇದು ನಮಗೆ ಹೆಮ್ಮೆಯ ಮಾತು. ಒಂದು ಕಾಲಕ್ಕೆ ವಿದ್ಯೆಗಾಗಿ ಹೈದರಾಬಾದಿಗೂ ಧಾರವಾಡಕ್ಕೂ ಬುತ್ತಿ ಕಟ್ಟಿಕೊಂಡು ಹೋದ ಊರಿದು. ಆದರೆ ತಾಯಿತಂದೆಗಳ ಆಸೆಯನ್ನೆಲ್ಲ ಹದಿನೇಳರ ಎಳೆಯ ಹೆಗಲಿಗೆ ಹೊರಿಸಿ, ಒಂದು ದಿನದ ಮೂರು ತಾಸುಗಳಲ್ಲಿ ತೀರ್ಪು ಕೇಳುವುದು ಶರಣಧರ್ಮಕ್ಕೆ ಒಪ್ಪುವ ಮಾತಲ್ಲ. ಶರಣರು ಕಾಯಕಗಳಲ್ಲಿ ಮೇಲುಕೀಳನ್ನು ಎಣಿಸಲಿಲ್ಲ. ವೈದ್ಯನಾಗದ ಮಗನು ಕೀಳಾದನೆಂದು ಎಣಿಸುವ ಮನೆ, ನಿತ್ಯವೂ ಲಿಂಗಪೂಜೆ ಮಾಡಿದರೂ, ಬಸವಣ್ಣನವರ ಮನೆಯಾಗಲಾರದು.

ಹಾಗಾದರೆ ಮಾಡುವುದೇನು? ಪರೀಕ್ಷೆಯನ್ನು ಬಿಟ್ಟುಬಿಡಬೇಕೆಂದು ನಾನು ಹೇಳಲಾರೆ. ಶ್ರಮಪಟ್ಟು ಓದಬೇಕು, ಓದಿಸಬೇಕು. ಆದರೆ ಫಲಿತಾಂಶದ ದಿನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಬಿಡಬೇಡಿರಿ. 2024ರಿಂದ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ.ಗಳಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಬಂದಿದೆ. ಅವುಗಳಲ್ಲಿ ಉತ್ತಮವಾದ ಅಂಕವನ್ನೇ ಉಳಿಸಿಕೊಳ್ಳಬಹುದು. ಈ ಸಂಗತಿ ಎಷ್ಟೋ ಹಳ್ಳಿಗಳ ತಾಯಿತಂದೆಗಳಿಗೆ ಇನ್ನೂ ತಿಳಿದಿಲ್ಲ. ತಿಳಿದವರು ಹೋಗಿ ಹೇಳಿರಿ. ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಅಧ್ಯಾಪಕರಾದವರಿದ್ದೀರಿ, ಎಂಜಿನಿಯರರಾದವರಿದ್ದೀರಿ. ಪಿ.ಯು.ಸಿ.ಗೆ ಕಾಲಿಟ್ಟ ಕನ್ನಡ ಶಾಲೆಯ ಮಕ್ಕಳಿಗೆ ಮೊದಲ ಮೂರು ತಿಂಗಳು ಇಂಗ್ಲಿಷಿನ ಪಾರಿಭಾಷಿಕ ಶಬ್ದಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಸೇವೆಯನ್ನು ನಿಮ್ಮ ನಿಮ್ಮ ಊರುಗಳಲ್ಲಿ ಕೈಕೊಂಡರೆ, ಅದೇ ಇಂದಿನ ಜ್ಞಾನದಾಸೋಹ. ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ ನಡೆದ ನಾಡಿಗೆ ಇದು ಕಷ್ಟದ ಕೆಲಸವಲ್ಲ.

ಪ್ರಸಾದ ನಿಲಯದ ಪಂಕ್ತಿಯಲ್ಲಿ ಉಂಡ ಹಿರಿಯರಿಗೆ ಕೊನೆಯದೊಂದು ಮಾತು. ಆ ಪಂಕ್ತಿಯಲ್ಲಿ ಮೊದಲ ದರ್ಜೆಯವನ ಪಕ್ಕದಲ್ಲಿ ನಪಾಸಾದವನೂ ಕುಳಿತಿದ್ದನು. ಬಡಿಸುವವರು ಅಂಕಪಟ್ಟಿಯನ್ನು ಕೇಳಲಿಲ್ಲ. ಇಬ್ಬರ ತಟ್ಟೆಗೂ ಅದೇ ಜೋಳದ ರೊಟ್ಟಿ, ಅದೇ ಬೇಳೆ ಬಿದ್ದವು. ಆ ನಪಾಸಾದವನು ಮರುವರ್ಷ ಮತ್ತೆ ಕುಳಿತು ಬರೆಯುವ ಧೈರ್ಯ ಪಡೆದದ್ದು ಆ ತಟ್ಟೆಯಿಂದ. ಈ ಬೇಸಿಗೆಯಲ್ಲಿ ನಿಮ್ಮ ಮನೆಗೆ ಫಲಿತಾಂಶ ಬಂದಾಗ ಮೊದಲು ಮಗುವನ್ನು ಊಟಕ್ಕೆ ಕರೆಯಿರಿ. ಅಂಕಗಳ ಮಾತು ಅದರ ಬಳಿಕ ಬರಲಿ.